ಮೂರನೇ ಬೋಲ್ಟಿನ ಬಿಸಿ

ಜನವರಿ 11

ತಮ್ಮನ ಮಗಳಿಗೆ ದೊಡ್ಡಪ್ಪ ಬರೆಯುವುದು.

ಆರನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದೀಯ. ನಲವತ್ತೆರಡು ವರ್ಷ ಸ್ಪಾನರ್ ಹಿಡಿದ ಬೆರಳು ಇವು, ಪೆನ್ನು ಇವುಗಳೊಳಗೆ ನಿಲ್ಲುವುದಿಲ್ಲ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. "ಫೋನಲ್ಲಿ ದೊಡ್ಡಪ್ಪ ಎಲ್ಲ ಸರಿ ಇದೆ ಅಂತ ಹೇಳಿ ಇಟ್ಟುಬಿಡ್ತಾರೆ, ಏನಿದ್ರೂ ಬರೆದು ಕಳಿಸೋಕೆ ಹೇಳಿ" ಅಂತ ನಿನ್ನ ದೊಡ್ಡಮ್ಮನ ಹತ್ತಿರ ಅಂದೆಯಂತೆ. ಅವಳಿಗೆ ಅಷ್ಟೇ ಸಾಕಾಯಿತು. ಕಾಗದ ಮುಂದಿಟ್ಟು, ಟೀವಿಯ ರಿಮೋಟು ಸೆರಗಿಗೆ ಕಟ್ಟಿಕೊಂಡು ಓಡಾಡುತ್ತಿದ್ದಾಳೆ. ಮುಗಿಸಿದ ಮೇಲೆ ಕೊಡುತ್ತಾಳಂತೆ. ಅರವತ್ತಾರು ವರ್ಷಕ್ಕೆ ನನಗೆ ಬಂದ ಗತಿ ಇದು.

ನೀನು ಕಳಿಸಿದ ಕ್ಯಾಮೆರಾ ಬಂದು ತಲುಪಿದೆ. ನಾನು ಕೇಳಿರಲಿಲ್ಲ. ನಾನು ಕರೆಂಟಿನ ಕೆಲಸ ನೋಡಿಕೊಳ್ಳುವ ಲಾಂಡ್ರಿಗೆ ಬರುವ ಇನ್ಶೂರೆನ್ಸಿನವನು, ಇನ್ನು ಮೇಲೆ ಮೂರು ತಿಂಗಳಿಗೊಮ್ಮೆ ಅಲ್ಲಿನ ಕರೆಂಟು ಪ್ಯಾನೆಲ್‌ಗಳ ಬಿಸಿ ಎಲ್ಲಿ ಎಷ್ಟಿದೆ ಅಂತ ತೋರಿಸುವ ಚಿತ್ರ ತೆಗೆದು ಕೊಡಬೇಕು ಅಂತ ಹೇಳಿದ್ದು ನಿಜ. ಅಂಥ ಕ್ಯಾಮೆರಾ ನನ್ನ ಹತ್ತಿರ ಇಲ್ಲ ಅಂತ ನಾನು ಮನೆಯಲ್ಲಿ ಕೂಗಾಡಿದ್ದೂ ನಿಜ. ಅದನ್ನು ನಿನ್ನ ಕಿವಿಗೆ ಹಾಕಿದ್ದು ಯಾರು ಅಂತ ಕೇಳುವ ಅಗತ್ಯವಿಲ್ಲ, ರಿಮೋಟು ಕಟ್ಟಿಕೊಂಡು ಓಡಾಡುತ್ತಿದ್ದಾಳೆ.

ಈಗ ನೇರವಾಗಿ ಕೇಳುತ್ತೇನೆ. ಡಬ್ಬದ ಮೇಲೆ ಇರುವುದು ಚಿಕ್ಕ ಮಾಡೆಲ್ಲಿನ ಹೆಸರು. ಅದೇ ಚಿಕ್ಕದು ಪಂಪ್ ರಿಪೇರಿಯವನ ಹತ್ತಿರ ಇದೆ, ನಾನು ನೋಡಿದ್ದೇನೆ. ಅದರಲ್ಲಿ ಎದುರಿಗೆ ಮನುಷ್ಯ ನಿಂತರೆ ಕರಗಿದ ಮೇಣದ ಗೊಂಬೆಯಂತೆ ಕಾಣುತ್ತಾನೆ, ಮೂಗೆಲ್ಲಿ ಕಿವಿಯೆಲ್ಲಿ ಗೊತ್ತಾಗುವುದಿಲ್ಲ. ನೀನು ಕಳಿಸಿದ್ದರಲ್ಲಿ, ನಾನು ಗೋಡೆಗೆ ಅಂಗೈ ಒತ್ತಿ ತೆಗೆದು ನೋಡಿದರೆ ಐದು ಬೆರಳಿನ ಬಿಸಿ ಗೋಡೆಯ ಮೇಲೆ ಹಾಗೇ ಉಳಿದಿತ್ತು. ಗೆಣ್ಣು ಸಹ ಎಣಿಸಬಹುದಿತ್ತು. ಇಷ್ಟು ಚೆನ್ನಾಗಿ ತೋರಿಸುವುದು ಇನ್ಶೂರೆನ್ಸಿನವನು ಕುತ್ತಿಗೆಗೆ ನೇತುಹಾಕಿಕೊಂಡು ಬರುವ ದೊಡ್ಡ ಕ್ಯಾಮೆರಾ ಮಾತ್ರ. ಚಿಕ್ಕದರ ಮೈಗೆ ದೊಡ್ಡದರ ಕಣ್ಣು ಹೇಗೆ ಬಂತು? ಕದ್ದ ಮಾಲೋ? ಕೆಟ್ಟುಹೋದ ಎರಡನ್ನು ಬಿಚ್ಚಿ ಒಂದು ಮಾಡಿದ್ದೋ? ಕಣ್ಣಿನ ಸುತ್ತ ಇರುವ ಬಳೆಯನ್ನು ಕಂಪನಿಯವರು ಅಂಟು ಹಾಕಿ ಕೂರಿಸಿರುತ್ತಾರೆ, ತಿರುಗುವುದಿಲ್ಲ. ಇದರಲ್ಲಿ ತಿರುಗುತ್ತದೆ. ಅಂಟು ಕೆರೆದ ಗೀರು ಇದೆ. ಯಾರೋ ಕೈಯಾಡಿಸಿದ್ದಾರೆ.

ಇನ್ನೊಂದು ಮಾತು. ನಿನ್ನ ಅಪ್ಪನೂ ನಾನೂ ಮಾತಾಡಿ ಹನ್ನೊಂದು ವರ್ಷವಾಯಿತು. ಈ ಹನ್ನೊಂದು ವರ್ಷದಲ್ಲಿ ನಿನ್ನಿಂದ ನನಗೆ ಒಂದು ಕಾಗದವಿಲ್ಲ, ಒಂದು ಫೋನಿಲ್ಲ. ಮೀಟರ್ ರಿಪೇರಿ ಅಂಗಡಿ ಇಟ್ಟಿದ್ದೀಯ ಅಂತ ಗೊತ್ತಾಗಿದ್ದೂ ಬೇರೆಯವರಿಂದ. ಈಗ ಇದ್ದಕ್ಕಿದ್ದಂತೆ ದೊಡ್ಡಪ್ಪನ ಮೇಲೆ ಪ್ರೀತಿ ಉಕ್ಕಿತು ಅಂದರೆ ನಂಬಲು ನಾನೇನು ತೊಟ್ಟಿಲಿನಲ್ಲಿ ಇದ್ದೇನಾ? ನಿನಗೆ ಏನು ಬೇಕು, ಬರೆ.

ಉತ್ತರ ಬರುವ ತನಕ ಕ್ಯಾಮೆರಾ ಡಬ್ಬದಲ್ಲೇ ಇರುತ್ತದೆ.

ದೊಡ್ಡಪ್ಪ


ಜನವರಿ 24

ದೊಡ್ಡಪ್ಪನಿಗೆ ನಮಸ್ಕಾರ.

ನಿಮ್ಮ ಕಾಗದ ಎರಡು ಸಲ ಓದಿದೆ. ಬೈಗುಳ ಕಳೆದರೆ ಒಳ್ಳೆಯ ಪ್ರಶ್ನೆಗಳೇ ಉಳಿದವು.

ಕದ್ದದ್ದಲ್ಲ. ನನ್ನ ಅಂಗಡಿಯ ಬಿಲ್ಲು ಇದೆ. ಚಿಕ್ಕ ಮಾಡೆಲ್ಲಿಗೂ ದೊಡ್ಡ ಮಾಡೆಲ್ಲಿಗೂ ಒಳಗೆ ಹಾಕಿರುವ ಕಣ್ಣು ಒಂದೇ. ಎರಡು ಬಗೆಯ ಕಣ್ಣು ಮಾಡುವುದಕ್ಕಿಂತ ಒಂದೇ ಮಾಡಿ, ಅಗ್ಗದ್ದಕ್ಕೆ ಕಟ್ಟು ಕಟ್ಟಿ ಮಾರುವುದು ಅವರಿಗೆ ಸುಲಭ. ಕಟ್ಟು ಅಂದರೆ ಬಟ್ಟೆಯದಲ್ಲ, ಒಳಗಿನ ಒಂದು ಫೈಲಿನಲ್ಲಿ ನಾಲ್ಕು ಸಾಲು: ಇಷ್ಟೇ ಚುಕ್ಕಿ ತೋರಿಸು, ಉಳಿದದ್ದನ್ನು ಕಲಸಿಬಿಡು ಅಂತ. ಆ ಸಾಲುಗಳನ್ನು ತಿದ್ದಿದರೆ ಕಣ್ಣು ತೆರೆಯುತ್ತದೆ. ಕಂಪನಿಯ ಗ್ಯಾರಂಟಿ ಹೋಗುತ್ತದೆ. ನಾವೇ ಕೊಂಡ ಕ್ಯಾಮೆರಾ, ಹೋದರೆ ನಮ್ಮದು ಹೋಯಿತು. ನಾಳೆ ಇನ್ಶೂರೆನ್ಸಿನವರು ಕೇಳಿದರೆ ಮುಚ್ಚಿಡಬೇಡಿ, ತಿದ್ದಿದ್ದು ಅಂತಲೇ ಹೇಳಿ.

ಬಳೆ ತಿರುಗುವಂತೆ ಮಾಡಿದ್ದು, ಹತ್ತಿರದ ವಸ್ತು ಸ್ಪಷ್ಟವಾಗಿ ಕಾಣಲಿ ಅಂತ. ಅಂಟು ಬಿಡಿಸುವ ಕೆಲಸ ನನ್ನ ಕೈಲಿ ಆಗಲಿಲ್ಲ. ಒಬ್ಬರು ಸಹಾಯ ಮಾಡಿದರು. ಪೆನ್ನಿನ ಮುಚ್ಚಳಕ್ಕೆ ಹಲ್ಲು ಕೊಯ್ದು ಅವರೇ ಒಂದು ಸಾಧನ ಮಾಡಿಕೊಂಡರು.

ಮೆನುವಿನಲ್ಲಿ ಕೊನೆಯ ಸಾಲು ಒತ್ತಿದರೆ ಮೊದಲಿನಂತೆ ಕಣ್ಣಿಗೆ ಕಟ್ಟು ಬೀಳುತ್ತದೆ, ಇನ್ನೊಮ್ಮೆ ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ಬೇಕೆಂದೇ ಹಾಗೆ ಇಟ್ಟಿದ್ದೇನೆ.

ನನಗೆ ಏನು ಬೇಕು ಅಂತ ಕೇಳಿದ್ದೀರಿ. ಈ ಕೆಲಸ ನಾನು ಬೇರೆಯವರಿಗೂ ಮಾಡಿಕೊಡಬೇಕೆಂದಿದ್ದೇನೆ. ಅದಕ್ಕೂ ಮೊದಲು, ಯಂತ್ರ ಹೇಳಿದ್ದನ್ನು ಸುಲಭವಾಗಿ ನಂಬದ ಒಬ್ಬರು ಇದನ್ನು ಪರೀಕ್ಷೆ ಮಾಡಬೇಕು. ನನಗೆ ಗೊತ್ತಿರುವವರಲ್ಲಿ ನಿಮ್ಮಷ್ಟು ಅನುಮಾನದ ಮನುಷ್ಯ ಇನ್ನೊಬ್ಬರಿಲ್ಲ. ಲಾಂಡ್ರಿಯ ನಾಲ್ಕೂ ಪ್ಯಾನೆಲ್‌ಗಳನ್ನು ಮೊದಲು ಕಟ್ಟು ಕಟ್ಟಿ, ಆಮೇಲೆ ಬಿಚ್ಚಿ ನೋಡಿ. ಎರಡೂ ಅಂಕಿ ಬರೆದು ಕಳಿಸಿ. ಮೂರನೆಯ ಪ್ಯಾನೆಲ್ ಮರೆಯಬೇಡಿ.

ದೊಡ್ಡಮ್ಮನಿಗೆ ನನ್ನ ನಮಸ್ಕಾರ. ರಿಮೋಟು ಕೊಡಬೇಡಿ ಅಂತ ಹೇಳಿ.

ನಿಮ್ಮ ತಮ್ಮನ ಮಗಳು


ಫೆಬ್ರವರಿ 8

ದೊಡ್ಡಪ್ಪನ ಕಾಗದ.

"ಒಬ್ಬರು ಸಹಾಯ ಮಾಡಿದರು" ಅಂತ ಬರೆದಿದ್ದೀಯ. ಯಾರು ಆ ಒಬ್ಬರು? ಹೆಸರಿಲ್ಲ, ಕೆಲಸವಿಲ್ಲ, ಸಂಬಂಧವಿಲ್ಲ. ಪೆನ್ನಿನ ಮುಚ್ಚಳಕ್ಕೆ ಹಲ್ಲು ಕೊಯ್ಯುವಷ್ಟು ಬಿಡುವು ಇರುವವನು, ನಿನ್ನ ಅಂಗಡಿಯಲ್ಲಿ ಬಂದು ಕೂರುವವನು. ನಿನ್ನ ಅಪ್ಪನಿಗೆ ಈ ಸಂಗತಿ ಗೊತ್ತಿದೆಯೋ ಇಲ್ಲವೋ? ಇದನ್ನು ದೊಡ್ಡಮ್ಮನಿಗೆ ಓದಿ ಹೇಳಿದೆ. "ಅವಳಿಗೆ ಮೂವತ್ತಾಯ್ತು, ಯಾರಾದ್ರೂ ಇದ್ರೆ ಇರ್ಲಿ ಬಿಡಿ, ನಿಮಗ್ಯಾಕೆ ಹೊಟ್ಟೆನೋವು" ಅಂದಳು. ಇವಳ ಹತ್ತಿರ ಮಾತಾಡಿ ಪ್ರಯೋಜನವಿಲ್ಲ.

ಕಣ್ಣಿನ ಕಟ್ಟಿನ ಕತೆ ನನಗೆ ಪೂರ್ತಿ ಹಿಡಿಸಿಲ್ಲ. ಕಣ್ಣು ಇದ್ದೂ ಕುರುಡು ಮಾಡಿ ಮಾರುವವನು ಎಂಥ ವ್ಯಾಪಾರಿ. ಅದನ್ನು ಕದ್ದು ಬಿಚ್ಚುವವರು ಎಂಥವರು ಅಂತಲೂ ಒಂದು ಪ್ರಶ್ನೆ ಇದೆ, ಆದರೆ ನೀನು ಮುಚ್ಚಿಡಬೇಡಿ ಅಂದಿದ್ದೀಯ, ಆದ್ದರಿಂದ ಸುಮ್ಮನಿದ್ದೇನೆ.

ಈಗ ಅಂಕಿ. ನಿನ್ನ ಯಂತ್ರ ಮೊದಲ ದಿನವೇ ಸುಳ್ಳು ಹೇಳಿತು. ಒಂದನೇ ಪ್ಯಾನೆಲ್ಲಿನ ಬಾಗಿಲು ತೆಗೆದು ತಾಮ್ರದ ಪಟ್ಟಿಗೆ ಹಿಡಿದರೆ ಮೂವತ್ತೊಂದು ಡಿಗ್ರಿ ಅಂತ ತೋರಿಸಿತು. ಆರು ಡ್ರೈಯರ್ ಓಡುವಾಗ ತಾಮ್ರ ಮೂವತ್ತೊಂದರಲ್ಲಿ ಇರುತ್ತದಾ? ನೋಡುತ್ತಾ ನಿಂತರೆ ಪಟ್ಟಿಯೊಳಗೆ ಏನೋ ದುಂಡಗೆ ಬೆಳ್ಳಗೆ ಅಲುಗಾಡಿತು. ಒಂದು ಹೆಜ್ಜೆ ಹಿಂದೆ ಸರಿದೆ. ಆಮೇಲೆ ಗೊತ್ತಾಯಿತು, ಅದು ನನ್ನದೇ ಮುಖ. ಹೊಳೆಯುವ ತಾಮ್ರ ಕನ್ನಡಿಯಂತೆ ನನ್ನ ಮುಖದ ಬಿಸಿಯನ್ನು ನನಗೇ ತೋರಿಸುತ್ತಿತ್ತು. ಲಾಂಡ್ರಿಯ ಮೇಲ್ವಿಚಾರಕಿ ಪಕ್ಕದಲ್ಲೇ ಇದ್ದಳು. ನಾವೆಲ್ಲ ಹಿಂದಿನಿಂದ ಅವಳನ್ನು ಸೋಪಕ್ಕ ಅನ್ನುತ್ತೇವೆ. "ಏನ್ರೀ, ಪ್ಯಾನೆಲ್ ನೋಡ್ತಾ ಇದೀರೋ, ತಲೆ ಬಾಚ್ಕೋತಾ ಇದೀರೋ?" ಅಂತ ಕೇಳಿದಳು.

ಆಗ ನಿನ್ನ ಡಬ್ಬದಲ್ಲಿ ಕಪ್ಪು ಟೇಪಿನ ಸುರುಳಿ ಯಾಕಿದೆ ಅಂತ ಅರ್ಥವಾಯಿತು. ಭಾನುವಾರ ಕರೆಂಟು ತೆಗೆದು, ಪಟ್ಟಿಯ ಮೇಲೆ ಬೆರಳಗಲ ಟೇಪು ಅಂಟಿಸಿ, ಸೋಮವಾರ ಲೋಡ್ ಕೊಟ್ಟು ಟೇಪಿನ ಮೇಲೆ ನೋಡಿದೆ. ಟೇಪು ಸುಳ್ಳು ಹೇಳುವುದಿಲ್ಲ, ಅದಕ್ಕೆ ಹೊಳಪಿಲ್ಲ.

ಒಂದನೇ ಪ್ಯಾನೆಲ್: ಕಟ್ಟಿ ನೋಡಿದರೆ 44, ಬಿಚ್ಚಿದರೆ 45. ಎರಡನೇದು: 41, 41. ನಾಲ್ಕನೇದು: 47, 49. ಮೂರನೇದು ಸರಿ ಇದೆ.

ಆ ಟೇಪಿನ ಬಗ್ಗೆ ಒಂದು ಮಾತು. ಸುರುಳಿಯ ತುದಿಯ ಮೂಲೆಯನ್ನು ತ್ರಿಕೋನವಾಗಿ ಮಡಚಿ ಇಟ್ಟಿದೆ, ಮುಂದಿನ ಸಲ ಉಗುರಿಗೆ ಸಿಗಲಿ ಅಂತ. ಅದು ನಮ್ಮ ಅಪ್ಪ ನಮಗೆ ಕಲಿಸಿದ್ದು. ಬೇರೆ ಯಾರೂ ಹಾಗೆ ಮಡಚುವುದನ್ನು ನಾನು ಕಂಡಿಲ್ಲ. ನಿನಗೂ ನಿನ್ನ ಅಪ್ಪ ಕಲಿಸಿರಬೇಕು. ಆದರೆ ನಾವು ಬಲಮೂಲೆ ಮಡಚುವುದು, ನೀನು ಎಡಮೂಲೆ ಮಡಚಿದ್ದೀಯ. ಕಲಿತದ್ದನ್ನು ಸರಿಯಾಗಿ ಕಲಿ.

ದೊಡ್ಡಪ್ಪ


ಫೆಬ್ರವರಿ 19

ದೊಡ್ಡಪ್ಪನಿಗೆ.

ನಾಲ್ಕು ಪ್ಯಾನೆಲ್ ಕೇಳಿದ್ದೆ. ಮೂರರ ಅಂಕಿ ಬಂದಿದೆ, ಒಂದಕ್ಕೆ "ಸರಿ ಇದೆ" ಅಂತ ಬಂದಿದೆ. ಇದಕ್ಕೇ ನಾನು ಫೋನ್ ಬೇಡ ಅಂದದ್ದು. ಹನ್ನೊಂದು ವರ್ಷದ ಹಿಂದೆ ಆ ದಿನವೂ ಆ ಪ್ಯಾನೆಲ್ ಮುಂದೆ ನಿಂತು ನೀವು ಹೇಳಿದ್ದು ಇದೇ ಎರಡು ಪದ. ಅಪ್ಪ ಸ್ವಿಚ್ ಹಾಕಿದರು. ಬೆಂಕಿ ಹಾರಿತು. ಬಲಗೈ ಹೋಯಿತು.

ನೀವು ಎಲೆಕ್ಟ್ರಿಷಿಯನ್ನರ ಸಂಘಕ್ಕೆ ಬರೆದುಕೊಟ್ಟ ವರದಿಯ ನಕಲು ನನ್ನ ಹತ್ತಿರ ಇದೆ. "ನಾಲ್ಕೂ ಬೋಲ್ಟು ಬಿಗಿ ಮಾಡಿದ್ದು ನನ್ನ ತಮ್ಮ. ಮೂರನೆಯದು ಸಡಿಲ ಇತ್ತು." ಕೆಳಗೆ ನಿಮ್ಮ ಸಹಿ. ಆ ಕಾಗದ ಎಲ್ಲ ಕಡೆ ಓಡಾಡಿತು. ಕೈ ಹೋದದ್ದಕ್ಕಿಂತ ಅದರಿಂದ ಅಪ್ಪನ ಕೆಲಸ ಹೋಯಿತು. ಎಡಗೈಯಲ್ಲಿ ಕೆಲಸ ಮಾಡುವವನನ್ನು ಜನ ಕರೆಯಬಹುದು, ಬೋಲ್ಟು ಸಡಿಲ ಬಿಡುವವನನ್ನು ಯಾರು ಕರೆಯುತ್ತಾರೆ.

ಅಪ್ಪ ನಿಮ್ಮನ್ನು ಒಂದು ದಿನವೂ ಬೈದಿಲ್ಲ. ಅದನ್ನು ತಡೆದುಕೊಳ್ಳಲು ನನಗೆ ಆಗುವುದಿಲ್ಲ. ಅವರು ತಮ್ಮನ್ನೇ ಅನುಮಾನಿಸುತ್ತಾರೆ. ಮಲಗುವ ಮುಂಚೆ ಗ್ಯಾಸಿನ ಕೀಲಿ ಮೂರು ಸಲ ನೋಡುತ್ತಾರೆ. ಎಣ್ಣೆ ಬಾಟಲಿಯ ಮುಚ್ಚಳ ತಿರುಗಿಸಿ, ಬಿಟ್ಟು, ಮತ್ತೆ ಬಂದು ತಿರುಗಿಸುತ್ತಾರೆ. ಒಮ್ಮೆ ಕೇಳಿದೆ, ಆ ದಿನ ಏನಾಯಿತು ಅಂತ. "ಎರಡು ಬಿಗಿ ಮಾಡಿದ್ದು ಚೆನ್ನಾಗಿ ನೆನಪಿದೆ. ಲಾರಿ ಬಂತು ಅಂತ ಗೇಟಿಗೆ ಕರೆದ್ರು, ಹೋದೆ. ವಾಪಸ್ ಬಂದಾಗ ನಾಲ್ಕಕ್ಕೂ ಕೆಂಪು ಬಣ್ಣ ಇತ್ತು. ಹಾಗಾದ್ರೆ ನಾಲ್ಕೂ ಮುಗಿಸೇ ಹೋಗಿರ್ಬೇಕು ನಾನು" ಅಂದರು.

ಬೋಲ್ಟು ಬಿಗಿಯಾಯಿತು ಅನ್ನುವ ಗುರುತಿಗೆ, ಬಿಗಿ ಮಾಡಿದ ಕೈಯೇ ಬಣ್ಣ ಹಚ್ಚಬೇಕು ಅನ್ನುವುದು ನಮ್ಮ ಅಜ್ಜನ ಕಟ್ಟಳೆ. ಅಪ್ಪ ಅದನ್ನು ಇವತ್ತಿಗೂ ನಂಬುತ್ತಾರೆ. ಬಣ್ಣ ಇದ್ದರೆ ತಮ್ಮದೇ ಕೈ ಅಂದುಕೊಂಡರು.

ಆ ದಿನ ಪ್ಯಾನೆಲ್ ಮುಂದೆ ಇದ್ದದ್ದು ಇಬ್ಬರು, ದೊಡ್ಡಪ್ಪ. ನನಗೆ ಮೂರನೇ ಪ್ಯಾನೆಲ್ಲಿನ ಎರಡು ಅಂಕಿ ಬೇಕು.

ನಿಮ್ಮ ತಮ್ಮನ ಮಗಳು


ಮಾರ್ಚ್ 6

ನಿನ್ನ ಕಾಗದ ಬಂದ ದಿನ ಅದನ್ನು ಒಲೆಗೆ ಹಾಕುವವನಿದ್ದೆ. ದೊಡ್ಡಮ್ಮ ಕಿತ್ತುಕೊಂಡಳು. ಓದಿದಳು. ಆಮೇಲೆ ಅವಳು ನನ್ನ ಹತ್ತಿರ ಐದು ದಿನ ಮಾತಾಡಲಿಲ್ಲ, ಟೀವಿಯ ರಿಮೋಟು ಮಾತ್ರ ಮೇಜಿನ ಮೇಲೆ ನಾನು ಕೂರುವ ಕಡೆ ಇಟ್ಟಿರುತ್ತಿದ್ದಳು. ಅದು ಇನ್ನೂ ಕೆಟ್ಟದ್ದು.

ನನ್ನನ್ನು ಪರೀಕ್ಷೆ ಮಾಡಲು ಕ್ಯಾಮೆರಾ ಕಳಿಸಿದ್ದೀಯ. ಬೇರೆ ಗಿರಾಕಿ, ಬೇರೆಯವರಿಗೆ ಮಾಡಿಕೊಡುವುದು, ಎಲ್ಲ ಕತೆ. ಮೊದಲ ದಿನವೇ ನನಗೆ ವಾಸನೆ ಬಡಿದಿತ್ತು. ಹೆತ್ತವರ ವಯಸ್ಸಿನವನನ್ನು ಬೋನಿಗೆ ಬೀಳಿಸುವ ಬುದ್ಧಿ ನಿನಗೆ ಯಾರು ಕೊಟ್ಟರು ಅಂತ ಕೇಳೋಣವೆನಿಸಿತು. ಕೇಳುವುದಿಲ್ಲ.

ಅಂಕಿ ಕೇಳಿದ್ದೀಯ. ತಗೋ.

ಮೂರನೇ ಪ್ಯಾನೆಲ್. ಕಟ್ಟಿ ನೋಡಿದರೆ 52. ಪಟ್ಟಿ ಕೂಡುವ ಜಾಗವೆಲ್ಲ ಒಂದೇ ಹಳದಿ ಮುದ್ದೆ, ನಾಲ್ಕು ಬೋಲ್ಟು ಬೇರೆ ಬೇರೆ ಕಾಣುವುದಿಲ್ಲ. ಇನ್ಶೂರೆನ್ಸಿನವನಿಗೆ ತೋರಿಸಿದ್ದರೆ ಸಹಿ ಹಾಕಿ ಹೋಗುತ್ತಿದ್ದ. ಬಿಚ್ಚಿದೆ. ಬಳೆ ತಿರುಗಿಸಿದೆ. ಮುದ್ದೆ ಒಡೆದು ನಾಲ್ಕಾಯಿತು. ಒಂದನೇ ಬೋಲ್ಟು 46. ಎರಡನೇದು 47. ನಾಲ್ಕನೇದು 48. ಮೂರನೇದು 93.

ಮೂರು ತಣ್ಣಗಿನ ಬೋಲ್ಟುಗಳ ಜತೆ ಕಲಸಿ ಆ ಒಂದರ ಬಿಸಿಯನ್ನು ಯಂತ್ರ ಅಡಗಿಸಿಟ್ಟಿತ್ತು.

ನಂಬಲಿಲ್ಲ. ನೀನು ಫೈಲಿನಲ್ಲಿ ಏನೋ ಬರೆದಿಟ್ಟು, ಮೂರನೇ ಪ್ಯಾನೆಲ್ ಬಂದ ಕೂಡಲೇ ಸುಳ್ಳು ಅಂಕಿ ತೋರಿಸುವಂತೆ ಮಾಡಿದ್ದೀಯ ಅಂತ ಅನುಮಾನ ಬಂತು. ಯಂತ್ರಕ್ಕೆ ಮೂರನೇ ಪ್ಯಾನೆಲ್ ಯಾವುದು ಅಂತ ಹೇಗೆ ಗೊತ್ತಾಗಬೇಕು ಅಂತ ಆಮೇಲೆ ಹೊಳೆಯಿತು. ಅನುಮಾನ ಬಂದ ಮೇಲೆ ಬುದ್ಧಿ ಬರುವುದು ನಿಧಾನ.

ಕ್ಯಾಮೆರಾ ಇಲ್ಲದ ಕಾಲದಲ್ಲಿ ನಾವು ಮಾಡುತ್ತಿದ್ದ ಕೆಲಸ ಮಾಡಿದೆ. ಭಾನುವಾರ ಕರೆಂಟು ತೆಗೆದು, ಮೇಣದಬತ್ತಿ ಚೂರು ಮಾಡಿ, ನಾಲ್ಕು ಬೋಲ್ಟಿನ ತಲೆಗೂ ಕಡಲೆಕಾಳಿನಷ್ಟು ಅಂಟಿಸಿದೆ. ಸೋಮವಾರ ಬೆಳಿಗ್ಗೆ ಡ್ರೈಯರ್‌ಗಳನ್ನೆಲ್ಲ ಓಡಿಸಲು ಹೇಳಿ ಒಂದು ಗಂಟೆ ಎದುರಿಗೆ ಸ್ಟೂಲು ಹಾಕಿ ಕೂತೆ. ಇಪ್ಪತ್ತು ನಿಮಿಷಕ್ಕೆ ಮೂರನೇದರ ಮೇಣ ಮೆತ್ತಗಾಯಿತು. ಅರ್ಧ ಗಂಟೆಗೆ ಇಳಿದು ಹೋಯಿತು. ಉಳಿದ ಮೂರು ಕೂರಿಸಿದ ಹಾಗೇ ಇದ್ದವು. ಸೋಪಕ್ಕ ಬಂದು ನನ್ನ ಮುಖ ನೋಡಿ, "ಏನ್ರೀ, ಯಾರಾದ್ರೂ ಹೋಗ್ಬಿಟ್ರಾ?" ಅಂತ ಕೇಳಿದಳು. ಎರಡು ಡ್ರೈಯರ್ ನಿಲ್ಲಿಸಿ ಅಂದೆ. "ಯಾಕೆ" ಅಂದಳು. ನಿಲ್ಲಿಸಿ ಅಂದೆ. ನಿಲ್ಲಿಸಿದಳು. ಈಗ ಅರವತ್ತರಲ್ಲಿ ಇದೆ, ದಿನಾ ಎರಡು ಸಲ ನೋಡುತ್ತೇನೆ. ಭಯವಿಲ್ಲ.

ಮುಂದಿನ ಭಾನುವಾರ ಕರೆಂಟು ತೆಗೆದು ನೋಡಿದೆ. ಮೂರನೇ ಬೋಲ್ಟಿನ ಮೇಲೆ ಕೆಂಪು ಬಣ್ಣದ ಗೆರೆ ಇದೆ. ಮುರಿದಿಲ್ಲ, ಸರಿದಿಲ್ಲ. ಹೋದ ವರ್ಷ ನಾನೇ ಎಳೆದ ಗೆರೆ. ಸ್ಪಾನರ್ ಹಾಕಿ ತಿರುಗಿಸಿದೆ. ಟಕ್ ಅಂತ ನಿಂತಿತು. ಬಿಗಿ. ನನ್ನ ಕೈಗೆ ಅದು ಬಿಗಿ. ಇನ್ನೊಮ್ಮೆ ತಿರುಗಿಸಿದೆ, ಟಕ್. ಆಗ ಟಾರ್ಚ್ ಹಿಡಿದು ಸ್ಪಾನರಿನ ಬಾಲದ ಕಡೆ ನೋಡಿದೆ. ಪಕ್ಕದಲ್ಲಿ ಬಾಗಿಲಿಗೆ ಆಧಾರ ಕೊಡುವ ಕಬ್ಬಿಣದ ಆಂಗಲ್ ಇದೆ. ಸ್ಪಾನರಿನ ಬಾಲ ಅದಕ್ಕೆ ಹೋಗಿ ತಾಗುತ್ತಿತ್ತು. ನಿಲ್ಲುತ್ತಿದ್ದದ್ದು ಬೋಲ್ಟಲ್ಲ, ಸ್ಪಾನರು. ಆಂಗಲ್ಲಿನ ಮೇಲೆ ಒಂದೇ ಜಾಗದಲ್ಲಿ ಬಣ್ಣ ಹಾರಿ ಕುಳಿ ಬಿದ್ದಿದೆ. ಬೆರಳಿಟ್ಟು ನೋಡಿದೆ. ವರ್ಷಕ್ಕೆ ಒಂದು ಏಟಿನ ಹಾಗೆ ಬಿದ್ದ ಕುಳಿ.

ಬೆಂಕಿ ಬಿದ್ದ ಮೇಲೆ ಪಟ್ಟಿ ಹೊಸದು ಹಾಕಿದ್ದು ನಾನು. ಆಂಗಲ್ ಹಳೆಯದೇ ಉಳಿಯಿತು. ಹನ್ನೊಂದು ವರ್ಷದಿಂದ ಆ ಪ್ಯಾನೆಲ್ಲಿಗೆ ನನ್ನ ಕೈ ಬಿಟ್ಟರೆ ಬೇರೆ ಕೈ ಬಿದ್ದಿಲ್ಲ.

ಇಷ್ಟೇ ಬರೆಯಲು ಆಗುವುದು. ಆ ಟೇಪಿನ ಎಡಮೂಲೆಯ ಮಡಿಕೆ ಬಗ್ಗೆ ಒಂದು ವಾರದಿಂದ ಯೋಚಿಸುತ್ತಿದ್ದೇನೆ. ಬಲಗೈ ಇಲ್ಲದವನು ಯಾವ ಮೂಲೆ ಮಡಚುತ್ತಾನೆ ಅಂತ ನನ್ನ ಸುರುಳಿ ಹಿಡಿದು ನಾನೇ ಮಾಡಿ ನೋಡಿದೆ. ಆ "ಒಬ್ಬರು" ಯಾರು ಅಂತ ಇನ್ನು ನೀನು ಹೇಳುವುದು ಬೇಡ.

ದೊಡ್ಡಪ್ಪ


ಮಾರ್ಚ್ 20

ದೊಡ್ಡಪ್ಪನಿಗೆ.

ಅಂಕಿಗಳು ತಲುಪಿದವು.

ನಿಮ್ಮ ಕಾಗದವನ್ನು ಅಪ್ಪನಿಗೆ ಓದಿ ಹೇಳಿಲ್ಲ. ಓದುವುದು ನನ್ನ ಕೆಲಸವಲ್ಲ ಅನಿಸಿತು. ನೀವು ಬರೆದದ್ದರಲ್ಲಿ ಆಂಗಲ್ ಇದೆ, ಸ್ಪಾನರ್ ಇದೆ, ಈ ಹನ್ನೊಂದು ವರ್ಷ ಇದೆ. ಆ ದಿನ ಇಲ್ಲ.

ಕ್ಯಾಮೆರಾದ ಬಳೆ ಬಿಡಿಸಿದ್ದು ಅಪ್ಪನೇ. ನಾಲ್ಕು ದಿನ ಹಿಡಿಯಿತು. ಕ್ಯಾಮೆರಾವನ್ನು ಮಂಡಿಗಳ ನಡುವೆ ಒತ್ತಿಹಿಡಿದು, ಎಡಗೈಯಲ್ಲಿ ಮುಚ್ಚಳ ತಿರುಗಿಸಿದರು. ಎಷ್ಟು ದೂರಕ್ಕೆ ಸ್ಪಷ್ಟ ಕಾಣಬೇಕು ಅಂತ ಕೇಳಿದರು. ಒಂದು ಮಾರು ಅಂದೆ. ಯಾರಿಗೆ ಇದು ಅಂತ ಕೇಳಿದರು. ಒಬ್ಬ ಗಿರಾಕಿಗೆ, ಯಾರ ಮಾತನ್ನೂ ನಂಬದ ಮುದುಕ ಅಂದೆ. ನಕ್ಕರು. "ಹಾಗಾದ್ರೆ ಇನ್ನೊಂದ್ಸಲ ನೋಡ್ತೀನಿ ಕೊಡು" ಅಂದರು. ನಿಮ್ಮ ಹೆಸರು ನಾನು ಎತ್ತಲಿಲ್ಲ.

ನನ್ನ ಮೇಲೆ ಅನುಮಾನ ಪಟ್ಟದ್ದು ಸರಿ. ನಿಮ್ಮನ್ನು ಪರೀಕ್ಷೆ ಮಾಡಲೆಂದೇ ಕಳಿಸಿದೆ. ಅದಕ್ಕೆ ಕ್ಷಮೆ ಕೇಳುವುದಿಲ್ಲ.

ಒಂದು ವಿಷಯ ಮಾತ್ರ ನನಗೂ ಅರ್ಥವಾಗಿಲ್ಲ. ಡಬ್ಬಕ್ಕೆ ಟೇಪು ನಾನು ಹಾಕಿದ್ದಲ್ಲ.

ನಿಮ್ಮ ತಮ್ಮನ ಮಗಳು


ಏಪ್ರಿಲ್ 2

ತಮ್ಮನಿಗೆ.

ಇದನ್ನು ಯಾರೂ ಬರೆಸಿದ್ದಲ್ಲ. ನಿನ್ನ ಅತ್ತಿಗೆ ಅಕ್ಕನ ಮನೆಗೆ ಹೋಗಿದ್ದಾಳೆ, ರಿಮೋಟು ನನ್ನ ಪಕ್ಕದಲ್ಲೇ ಇದೆ. ನಾನೇ ಕಾಗದ ಹುಡುಕಿ ತಂದು ಕೂತಿದ್ದೇನೆ. ನಿನ್ನ ಮಗಳ ಕಾಗದ ಬಂದು ಹತ್ತು ದಿನವಾಯಿತು. ಈ ಹತ್ತು ದಿನದಲ್ಲಿ ನಿನಗೆ ಬರೆಯಲು ಹೋಗಿ ಮೂರು ಹಾಳೆ ಹರಿದೆ.

ಆ ದಿನ ನೀನು ಬಿಗಿ ಮಾಡಿದ್ದು ಒಂದು, ಎರಡು. ನಿನ್ನ ನೆನಪು ಸರಿ ಇದೆ. ಲಾರಿಯವನು ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದ, ನೀನು ಹೋದೆ. "ಅಣ್ಣಾ, ಮೂರನೇದಕ್ಕೆ ಈ ಸ್ಪಾನರ್ ಆಗಲ್ಲ, ಬರುವಾಗ ಮೇಲಿಂದ ಕೂರೋ ಬಾಕ್ಸ್ ಸ್ಪಾನರ್ ತರ್ತೀನಿ" ಅಂತ ಹೋಗುತ್ತಾ ಕೂಗಿದೆ. ಹಾರ್ನಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ ಅಂತ ಹನ್ನೊಂದು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಕೇಳಿಸಿತ್ತು. ಇವನು ನನಗೆ ಹೇಳುವುದಾ ಅನಿಸಿತು. ಮೂರನೇದಕ್ಕೂ ನಾಲ್ಕನೇದಕ್ಕೂ ನಾನೇ ಸ್ಪಾನರ್ ಹಾಕಿದೆ. ಟಕ್ ಅಂತು. ನಾಲ್ಕಕ್ಕೂ ಬಣ್ಣ ಹಚ್ಚಿದೆ, ನಿನ್ನ ಎರಡಕ್ಕೂ ಸೇರಿಸಿ. ಅಪ್ಪನ ಕಟ್ಟಳೆ ಮುರಿದೆ. ನೀನು ಬಂದೆ, ಬಣ್ಣ ನೋಡಿದೆ, ನನ್ನ ಕಡೆ ನೋಡಿದೆ. ಸರಿ ಇದೆ, ಹಾಕು ಅಂತ ನಾನು ಅಂದೆ.

ಬೋಲ್ಟು ಸಡಿಲ ಇತ್ತು ಅಂತ ಆಗ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಬೆಂಕಿ ಹಾರಿದಾಗ ಒದ್ದೆ ಸೇರಿತ್ತೋ, ಇಲಿ ನುಗ್ಗಿತ್ತೋ ಅಂದುಕೊಂಡೆ, ಸುಟ್ಟ ಪಟ್ಟಿ ಬಿಚ್ಚಿದಾಗಲೇ ಮೂರನೇದು ಸಡಿಲ ಇದ್ದದ್ದು ಕಂಡಿತು. ಆದರೆ ಮೂರನೇದಕ್ಕೆ ಕೈ ಹಾಕಿದ್ದು ನಾನು ಅಂತ ಗೊತ್ತಿತ್ತು. ವರದಿ ಬರೆಯುವಾಗ ಪೆನ್ನು ಹಿಡಿದ ಕೈಗೂ ಗೊತ್ತಿತ್ತು. ಆಸ್ಪತ್ರೆಯಲ್ಲಿ ಮಲಗಿದ್ದ ನೀನು ಕೇಳುವುದಿಲ್ಲ ಅನ್ನುವ ಧೈರ್ಯ. ಲಾಂಡ್ರಿಯ ಕೆಲಸ ಕೈಬಿಟ್ಟುಹೋಗುತ್ತದೆ ಅನ್ನುವ ಭಯ. ಎರಡರಲ್ಲಿ ಯಾವುದು ದೊಡ್ಡದಿತ್ತು ಅಂತ ಈಗ ಹೇಳಲಾರೆ. ನೀನು ಎದುರು ಮಾತಾಡಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ನೀನು "ನಾನೇ ಬಿಟ್ಟಿರ್ಬೇಕು" ಅಂದುಬಿಟ್ಟೆ. ಆಮೇಲೆ ನಿನ್ನ ಮುಖ ನೋಡಲು ನನಗೆ ಆಗಲಿಲ್ಲ. ಮಾತು ಬಿಟ್ಟದ್ದು ನೀನು ಅಂತ ಊರಿಗೆಲ್ಲ ಹೇಳಿದೆ. ಬಿಟ್ಟವನು ನಾನು.

ಹೊಸ ವರದಿ ಬರೆದಿದ್ದೇನೆ. ಒಂದು ಪ್ರತಿ ಸಂಘಕ್ಕೆ, ಒಂದು ಲಾಂಡ್ರಿಗೆ, ಒಂದು ಇನ್ಶೂರೆನ್ಸಿನವನಿಗೆ. ಇದರ ಜತೆ ಒಂದು ನಿನಗೆ ಇಟ್ಟಿದ್ದೇನೆ, ನಾಲ್ಕು ಬೋಲ್ಟಿನ ಚಿತ್ರವೂ ಇದೆ. ಕ್ಯಾಮೆರಾ ತಿದ್ದಿದ್ದು ಅಂತಲೂ ಬರೆದಿದ್ದೇನೆ. ಇನ್ಶೂರೆನ್ಸಿನವನು ಮೂಗು ಮುರಿದ, ಆಮೇಲೆ ತನ್ನ ದೊಡ್ಡ ಕ್ಯಾಮೆರಾ ಹಿಡಿದು ನೋಡಿದ. ಅವನದೂ ನನ್ನದೂ ಒಂದು ಡಿಗ್ರಿ ಹೆಚ್ಚುಕಡಿಮೆ. ಈ ಬಳೆ ಬಿಡಿಸಿದವರು ಯಾರ್ರೀ ಅಂತ ಕೇಳಿದ. ನನ್ನ ತಮ್ಮ ಅಂದೆ. ಹನ್ನೊಂದು ವರ್ಷದ ಮೇಲೆ ಆ ಮಾತು ಬಾಯಿಂದ ಬಂತು.

ಸೋಪಕ್ಕ ವರದಿ ಓದಿ, "ಇಷ್ಟು ವರ್ಷ ಆದ್ಮೇಲೆ ಯಾಕ್ರೀ ಇದು, ಯಾರೂ ಕೇಳಿರ್ಲಿಲ್ವಲ್ಲ" ಅಂದಳು. ಕೇಳಿದವರು ಒಬ್ಬರಿದ್ದಾರೆ ಅಂದೆ. ಈ ತಿಂಗಳು ಮುಗಿದ ಮೇಲೆ ನನಗೆ ಅಲ್ಲಿ ಕೆಲಸ ಇರುತ್ತದೋ ಇಲ್ಲವೋ, ಅವಳ ಮೇಲಿನವರು ಹೇಳುತ್ತಾರಂತೆ. ಹೇಳಲಿ.

ಈಗ ನಿನ್ನ ಮೇಲೆ ನನಗಿರುವ ಅನುಮಾನ. ಡಬ್ಬಕ್ಕೆ ಟೇಪು ಹಾಕಿದ್ದು ತಾನಲ್ಲ ಅಂತ ನಿನ್ನ ಮಗಳು ಬರೆದಿದ್ದಾಳೆ. ಯಾರ ಮಾತೂ ನಂಬದ ಮುದುಕ ಅಂತ ಹೇಳಿದ ಕೂಡಲೇ ನಕ್ಕೆಯಂತೆ. ಆಮೇಲೆ ಅವಳಿಗೆ ಗೊತ್ತಿಲ್ಲದಂತೆ ಸುರುಳಿ ಇಟ್ಟೆ. ಮೂಲೆ ಮಡಚಿ ಇಟ್ಟೆ. ಆ ಮಡಿಕೆ ಗುರುತು ಹಿಡಿಯುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಉಳಿದಿರುವುದು. ಕ್ಯಾಮೆರಾ ಎಲ್ಲಿಗೆ ಹೋಗುತ್ತದೆ ಅಂತ ನಿನಗೆ ಗೊತ್ತಿತ್ತು. ಹಾಗಾದರೆ ಏನನ್ನು ನೋಡುತ್ತದೆ ಅಂತಲೂ ಗೊತ್ತಿತ್ತಾ? ಉಳಿದ ಒಂದೇ ಕೈಯಲ್ಲಿ ನಾಲ್ಕು ದಿನ ಬಳೆ ತಿರುಗಿಸುವಾಗ ನಿನ್ನ ಅನುಮಾನ ಯಾರ ಮೇಲಿತ್ತು, ನಿನ್ನ ಮೇಲಾ, ನನ್ನ ಮೇಲಾ? ಇದೊಂದು ನನಗೆ ತಿಳಿಯಬೇಕು.

ಮೂರನೇ ಬೋಲ್ಟಿಗೆ ನಾನು ಇನ್ನು ಸ್ಪಾನರ್ ಹಾಕುವುದಿಲ್ಲ. ಡ್ರೈಯರ್ ಎರಡು ನಿಂತೇ ಇವೆ, ದಿನಾ ನೋಡುತ್ತಿದ್ದೇನೆ, ಅರವತ್ತು ದಾಟಿಲ್ಲ. ಇಪ್ಪತ್ತೊಂದನೇ ತಾರೀಖು ಭಾನುವಾರ, ಲಾಂಡ್ರಿ ಇಡೀ ದಿನ ಬಂದ್. ಅವತ್ತು ಕೆಲಸ ಆಗಬೇಕು. ಬಾಕ್ಸ್ ಸ್ಪಾನರ್ ಅಂಗಡಿಯಲ್ಲಿ ಸಿಗುತ್ತದೆ, ಗೊತ್ತು. ಅದು ಬೇಡ. ಆ ದಿನ ತರುತ್ತೇನೆ ಅಂತ ಹೇಳಿ ಹೋದೆಯಲ್ಲ, ಅದನ್ನು ತಗೊಂಡು ಬಾ. ಬಿಗಿ ಮಾಡುವುದು ನೀನು. ಟಾರ್ಚ್ ನಾನು ಹಿಡಿಯುತ್ತೇನೆ. ಬಣ್ಣವೂ ನೀನೇ ಹಚ್ಚಬೇಕು, ನನ್ನ ಬ್ರಷ್ ಮುಟ್ಟುವುದಿಲ್ಲ.

ಬರುತ್ತೀಯೋ ಇಲ್ಲವೋ ಬರೆ. ಗೊತ್ತಿತ್ತೋ ಇಲ್ಲವೋ ಅದನ್ನೂ ಬರೆ. ಮಗಳ ಕೈಲಿ ಬರೆಸಬೇಡ, ಎಡಗೈಯಲ್ಲೇ ಬರೆ, ಎಷ್ಟು ಸೊಟ್ಟಗಿದ್ದರೂ ನಾನು ಓದುತ್ತೇನೆ. ಹದಿನೆಂಟನೇ ತಾರೀಖಿನೊಳಗೆ ಉತ್ತರ ನನ್ನ ಕೈ ಸೇರಬೇಕು.

ಅಣ್ಣ